ಮರಿತಾಯಮ್ಮನ ಕೈಗುಣ

ಮೊದಲೇ ಹೇಳಿಬಿಡ್ತೀನಿ, ನನ್ನ ಬಾಯಿ ಜೋರು. ಮೂವತ್ತೊಂದು ವರ್ಷ ಸರ್ಕಾರಿ ನರ್ಸಾಗಿ ದುಡಿದವಳು ನಾನು, ಮೆತ್ತಗೆ ಮಾತಾಡ್ಕೊಂಡು ಕೂತಿದ್ರೆ ಆಗ್ತಿತ್ತಾ? ಕುಡಿದು ಬಂದ ಗಂಡಂದಿರನ್ನ ಹೆರಿಗೆ ಕೋಣೆ ಬಾಗಿಲಿಂದ ಆಚೆಗೆ ತಳ್ಳಿದೀನಿ. ಕಬ್ಬಿಣದ ಮಾತ್ರೆ ನುಂಗದೆ ಕಳ್ಳಾಟ ಆಡೋ ಬಸುರಿಯರ ಬಾಯಿ ತೆಗೆಸಿ ನೋಡಿದೀನಿ. ಮದ್ದೂರಿನೋಳು, ಹೆಸರು ಮಂಗಳಮ್ಮ. ಇಷ್ಟು ಜೋರಿನ ಬಾಯಿ, ಮಾತಾಡಲೇಬೇಕಾಗಿದ್ದ ದಿನ ಮುಚ್ಕೊಂಡು ಕೂತಿತ್ತು. ಅದನ್ನ ಹೇಳೋಕೆ ಮುಂಚೆ ಮರಿತಾಯಮ್ಮ ಯಾರು ಅಂತ ಹೇಳ್ಬೇಕು.

ಮಳವಳ್ಳಿ ತಾಲ್ಲೂಕಿನಲ್ಲಿ, ಬಂಡೂರಿಗೆ ನಾಲ್ಕು ಮೈಲಿ ಈಚೆಗೆ ಒಂದು ಊರು. ಅಲ್ಲಿನ ಆಸ್ಪತ್ರೆಗೆ ನನ್ನನ್ನ ಹಾಕಿದಾಗ ನನಗೆ ಇಪ್ಪತ್ತೊಂಬತ್ತು ವರ್ಷ. ಆಸ್ಪತ್ರೆ ಅಂದ್ರೆ ಮೂರು ಕೋಣೆ, ಒಂದು ಹೆರಿಗೆ ಮೇಜು, ವಾರಕ್ಕೆರಡು ದಿನ ಬರೋ ಡಾಕ್ಟ್ರು. ಹೋದ ಮೊದಲ ವಾರವೇ ಗೊತ್ತಾಯ್ತು, ಸುತ್ತಲ ಹೆರಿಗೆಯೆಲ್ಲ ಮರಿತಾಯಮ್ಮ ಅನ್ನೋ ಸೂಲಗಿತ್ತಿ ಕೈಯಲ್ಲಿ ಅಂತ. ನನ್ನ ಹತ್ರ ಬರ್ತಿದ್ದದ್ದು ನೆಗಡಿ, ಕೆಮ್ಮು, ಕಜ್ಜಿ. ಹೊಟ್ಟೆ ಉರೀದೆ ಇರ್ತದಾ?

ಕಪ್ಪಗೆ, ಕುಳ್ಳಗೆ, ಎಲೆಅಡಿಕೆ ಜಗಿಯೋ ಹೆಂಗಸು. ಅವಳ ಗಂಡ ಮರಿಯಯ್ಯ ಗೌಡರ ಮನೆಯ ಬಂಡೂರು ಕುರಿ ಮೇಯಿಸ್ತಿದ್ದ. ಮೋಟು ಕಾಲಿನ, ದುಂಡು ಮೈಯಿನ ಆ ಕುರಿಗಳ ಮೇಲೇ ಮರಿತಾಯಮ್ಮ ಮೊದಲು ಕೈ ಪಳಗಿಸ್ಕೊಂಡದ್ದು. ಅಡ್ಡ ತಿರುಗಿದ ಮರೀನ ಒಳಗೆ ಕೈ ಹಾಕಿ ನೆಟ್ಟಗೆ ಮಾಡೋದು, ಉಸಿರೆತ್ತದ ಮರಿಯ ಮೂಗಿಗೆ ಹುಲ್ಲುಕಡ್ಡಿ ಆಡಿಸಿ ಸೀನಿಸೋದು, ಎಲ್ಲ ಅಲ್ಲಿ ಕಲಿತದ್ದು. ಆಮೇಲೆ ಅತ್ತೆ ಹಿಂದೆ ಬಾಣಂತಿ ಮನೆಗಳಿಗೆ ಹೋದಳು. ಎಷ್ಟು ಹೆರಿಗೆ ಮಾಡಿಸಿದೀಯ ಅಂತ ಒಂದು ಸಲ ಕೇಳಿದೆ.

"ಎಣಿಸಕ್ಕೆ ನಾನೇನ್ ಸ್ಯಾನುಬೋಗನಾ? ಓಗವ್ವ," ಅಂದಳು.

ಹೆರಿಗೆ ನೋವು ಶುರುವಾದ್ರೆ ಗೌಡರ ಮನೆಯೋರು ಅವಳನ್ನ ನಡುಮನೆ ತನಕ ಕೈ ಹಿಡಿದು ಕರ್ಕೊಂಡು ಹೋಗೋರು. ಅದೇ ಕೂಸಿಗೆ ಹೆಸರಿಡೋ ದಿನ ಅವಳ ಎಲೆ ಜಗಲಿಯಿಂದ ಕೆಳಗೆ. ನಾನು ಒಳಗೆ ಕೂತು ಪಾಯಸ ಉಣ್ತಿದ್ದೆ. ನಾನೂ ಗೌಡರ ಹೆಣ್ಣೇ, ನನಗದು ಕಣ್ಣಿಗೇ ಬೀಳ್ತಿರಲಿಲ್ಲ. ನನಗಿಂತ ಹದಿನಾರು ವರ್ಷ ದೊಡ್ಡವಳನ್ನ 'ನೀನು' ಅಂತಲೇ ಮಾತಾಡಿಸ್ತಿದ್ದೆ. ನಮ್ಮ ಜಾತಿಯ ಮುದುಕಿಯಾಗಿದ್ರೆ 'ನೀವು' ಅಂತಿದ್ದೆನೋ ಏನೋ. ಈಗ ನೆನೆಸ್ಕೊಂಡ್ರೆ ನಾಚಿಕೆ ಆಗ್ತದೆ.

ನಮ್ಮಿಬ್ಬರ ದೊಡ್ಡ ಜಗಳ ಎಲೆತೊಟ್ಟಿನದು. ಹುಟ್ಟಿದ ಕೂಸು ಒಂದು ದಿನದೊಳಗೆ ಕಪ್ಪಗೆ ಕಕ್ಕ ಮಾಡ್ಬೇಕು. ಮಾಡಲಿಲ್ಲ ಅಂದ್ರೆ ಮರಿತಾಯಮ್ಮ ವೀಳ್ಯದೆಲೆಯ ತೊಟ್ಟು ಮುರಿದು, ಹರಳೆಣ್ಣೆಯಲ್ಲಿ ಅದ್ದಿ, ಕೂಸಿನ ಕಾಲು ಮಡಚಿ ಹಿಂದಕ್ಕೆ ಒಂಚೂರು ಇಡೋಳು. ಎರಡು ನಿಮಿಷ, ಬುಳಕ್ಕಂತ ಆಚೆಗೆ. ಮನೆಯೋರೆಲ್ಲ ಅವಳ ಕೈಗುಣ, ಕೈಗುಣ ಅಂತ ಹೊಗಳೋರು. ನಾನು ಕಂಡಕಂಡಲ್ಲಿ ಬಯ್ತಿದ್ದೆ. "ಕೂಸಿನ ಕರುಳು ಹೂವಿನಂಗಿರ್ತದೆ, ಗಾಯ ಆದ್ರೆ ಏನ್ ಮಾಡ್ತೀಯ? ಕಕ್ಕ ಮಾಡ್ಲಿಲ್ಲ ಅಂದ್ರೆ ಯಾಕೆ ಮಾಡ್ಲಿಲ್ಲ ಅಂತ ಡಾಕ್ಟ್ರು ನೋಡ್ಬೇಕು. ನೀನು ಬಲವಂತವಾಗಿ ಮಾಡಿಸಿಬಿಟ್ರೆ ನಮಗೆ ತಿಳಿಯೋದು ಹೆಂಗೆ?" ನೋಡಿ, ಇಷ್ಟು ಚೆನ್ನಾಗಿ ನನಗೆ ಗೊತ್ತಿತ್ತು. ಒಂದು ಸಲ ಅವಳ ಹರಳೆಣ್ಣೆ ಬಾಟ್ಲಿ ಕಿತ್ಕೊಂಡು ತಿಪ್ಪೆಗೆ ಎಸೆದಿದ್ದೆ.

"ಬಾಟ್ಲಿ ಎಸ್ದೆ, ಎಲೆ ತೋಟಾನೂ ಕಡ್ಸಾಕ್ತೀಯೇನವ್ವ?" ಅಂತ ನಕ್ಕಳು. ಕೋಪ ಅಂತೂ ಮಾಡ್ಕೊಳ್ತಿರಲಿಲ್ಲ. ಅದಕ್ಕೇ ನನಗೆ ಇನ್ನೂ ಕೋಪ.

ಆಮೇಲಾಮೇಲೆ ಹೆರಿಗೆಯೆಲ್ಲ ಆಸ್ಪತ್ರೆಗೇ ಬರಬೇಕು ಅಂತ ಆಯ್ತು. ಅವಳ ಕೆಲಸ ಹೋಯ್ತು. ಬೇರೆಯವಳಾಗಿದ್ರೆ ನನ್ನ ಮುಖ ನೋಡ್ತಿರಲಿಲ್ಲ. ಮರಿತಾಯಮ್ಮ ತಾನೇ ಬಸುರಿಯರನ್ನ ಕರ್ಕೊಂಡು ಬರೋಳು, ಬೆನ್ನು ನೀವೋಳು, ಹೆರಿಗೆ ಆಗೋ ತನಕ ಬಾಗಿಲಲ್ಲಿ ಕೂತಿರೋಳು. ಎರಡು ಸಲ, ಕೂಸು ಅಡ್ಡ ಇದೆ ಅಂತ ಹೊಟ್ಟೆ ಮುಟ್ಟಿಯೇ ಹೇಳಿದಳು. ಎರಡೂ ಸಲ ಅವಳು ಹೇಳಿದ್ದೇ ಸರಿ. ಒಳ್ಳೆ ಕೆಲಸ ಮಾಡಿದೆ ಅಂತ ತಾಲ್ಲೂಕಿನಲ್ಲಿ ನನಗೆ ಶಾಲು ಹೊದಿಸಿದ್ರು. ಅವಳು ಹಿಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದಳು.

ಮರಿಯಯ್ಯ ತೀರಿಕೊಂಡ. ಮಗಳೂ ತೀರಿಕೊಂಡಳು, ಮೂರು ವರ್ಷದ ಕೂಸು ನಾಗಶ್ರೀನ ಬಿಟ್ಟು. ಆ ಮೊಮ್ಮಗಳನ್ನ ಮರಿತಾಯಮ್ಮ ಕೂಲಿ ಮಾಡಿ, ಬಾಣಂತಿ ಮನೆಯಲ್ಲಿ ಕೊಟ್ಟ ರಾಗಿ ಬೀಸಿ ಸಾಕಿದಳು. ಹುಡುಗಿ ಬಲು ಚುರುಕು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಮದ್ದೂರಿನ ಹತ್ರ ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಆದಳು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೆಲಸದಲ್ಲಿದ್ದ ಪ್ರಸನ್ನ ಅನ್ನೋ ಹುಡುಗನ ಜೊತೆ ಮದುವೆ ಆಯ್ತು. ಮೊದಲ ಹೆರಿಗೆಗೆ ಎಲ್ಲಿ ಬೇಕಾದ್ರೂ ಹೋಗಬಹುದಿತ್ತು. "ನಮ್ಮಜ್ಜಿ ಹತ್ರಾನೇ ಇರ್ತೀನಿ, ಮಂಗಳಮ್ಮ ಸಿಸ್ಟರ್ ಇದಾರಲ್ಲ," ಅಂತ ನಮ್ಮ ಊರಿಗೇ ಬಂದಳು. ಇಬ್ಬರನ್ನ ನಂಬಿ ಬಂದಳು.

ನಾಲ್ಕು ವರ್ಷದ ಹಿಂದೆ, ಒಂದು ಮಂಗಳವಾರ ಬೆಳಗಿನ ಎಂಟಕ್ಕೆ ಗಂಡು ಕೂಸು ಹುಟ್ಟಿತು. ಸುಸೂತ್ರ ಹೆರಿಗೆ. ಕೂಸನ್ನ ಒರೆಸ್ತಾ ನೋಡ್ತೀನಿ, ತಲೆ ತುಂಬ ಕಪ್ಪು ಕೂದಲು, ಹಣೆ ಮೇಲೆ ಮಾತ್ರ ಒಂದು ಕುಚ್ಚು ಬೆಳ್ಳಗೆ, ಹತ್ತಿ ಥರ. ಮರಿತಾಯಮ್ಮನಿಗೆ ತೋರಿಸಿದೆ. ಅವಳ ಸಂತೋಷ ಕೇಳ್ಬೇಡಿ.

"ಅಯ್ಯೋ ನನ್ ಸಿವ್ನೆ! ನಮ್ ಮರಿಯಯ್ಯಂಗೂ ಇಂಗೇ ಇತ್ತು ಕಣವ್ವ, ಉಟ್ಟಿದಾಗ್ನಿಂದ. ಅವ್ನೇ ಬಂದವ್ನೆ! ಬಾ ನನ್ ಮುದ್ಕಪ್ಪ, ಇಷ್ಟ್ ದಿವ್ಸ ಎಲ್ಲೋಗಿದ್ದೆ?"

ಎಲ್ಲಾರೂ ನಕ್ಕೆವು. ಅಪ್ಪ ಅಮ್ಮ ಬೋಧಿ ಅಂತ ಹೆಸರಿಟ್ರು. ಅಜ್ಜಿಗೆ ಮಾತ್ರ ಕೊನೆ ತನಕ ಮುದ್ಕಪ್ಪ.

ಬುಧವಾರ ಬೆಳಗ್ಗೆ ಆಯ್ತು, ಕೂಸು ಕಕ್ಕ ಮಾಡಲಿಲ್ಲ. ಮಧ್ಯಾಹ್ನ ಆಯ್ತು, ಇಲ್ಲ. ಹೊಟ್ಟೆ ಒಂಚೂರು ಉಬ್ಬಿತ್ತು, ಒಂದು ಸಲ ಹಸಿರಾಗಿ ವಾಂತಿ ಮಾಡ್ಕೊಂಡಿತ್ತು. ನಿಯಮ ನನಗೆ ಬಾಯಿಪಾಠ. ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡದಿದ್ರೆ ಹಾಳೆಯಲ್ಲಿ 'ಇಲ್ಲ' ಅಂತ ಬರೆದು, ಮಂಡ್ಯಕ್ಕೆ ಕಳಿಸ್ಬೇಕು. ಆ ಹೊತ್ತಿಗೆ ಆಸ್ಪತ್ರೇಲಿ ಇದ್ದ ನರ್ಸು ನಾನೊಬ್ಬಳೇ. ಕೂಸಿನ ಜೊತೆ ಆಂಬುಲೆನ್ಸಲ್ಲಿ ನಾನೇ ಹೋಗ್ಬೇಕು. ಹೋದ್ರೆ ವಾಪಸ್ಸು ಬರೋದು ಯಾವಾಗಲೋ. ಅವತ್ತು ಸಂಜೆ ನನ್ನ ಮಗಳು ದೀಪಿಕನ್ನ ಒಪ್ಪಿದ ಗಂಡಿನ ಕಡೆಯೋರು ನಿಡಘಟ್ಟದಿಂದ ಮದ್ದೂರಿನ ನಮ್ಮ ಮನೆಗೆ ತಾಂಬೂಲ ಬದಲಾಯಿಸ್ಕೊಳ್ಳೋಕೆ ಬರೋರಿದ್ರು. ನಾನು ಮೂರು ಗಂಟೆ ಬಸ್ಸಿಗೆ ಹೋಗ್ತೀನಿ ಅಂತ ಲೆಕ್ಕ ಹಾಕ್ಕೊಂಡಿದ್ದೆ. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದು ಏನೂ ಇರಲಿಲ್ಲ.

ಕೂಸನ್ನ ತೂಕ ನೋಡ್ತೀನಿ ಅಂತ ಹೆರಿಗೆ ಕೋಣೆಗೆ ಎತ್ಕೊಂಡು ಬಂದೆ. ನಾಗಶ್ರೀ ಆಚೆ ಮಂಚದ ಮೇಲೆ ನಿದ್ದೆ ಮಾಡ್ತಿದ್ದಳು. ಮರಿತಾಯಮ್ಮನ್ನ ಒಳಗೆ ಕರೆದು ಬಾಗಿಲು ಮುಂದೆ ಮಾಡಿದೆ.

"ಒಂದು ಸಲ ನಿನ್ನ ಕೈ ನೋಡು ಮರಿತಾಯಮ್ಮ," ಅಂದೆ.

ಅವಳು ನನ್ನ ಮುಖ ನೋಡಿದಳು. "ನೀನೇ ಏಳ್ತಿದ್ದೀಯ? ತೊಟ್ಟಾ?"

"ಹೂಂ. ಬೇಗ."

"ಡಾಕ್ಟ್ರು ನೋಡ್ಬೇಕು ಅಂತಿದ್ದಲ್ಲವ್ವ?"

"ಆಮೇಲೆ ನೋಡೋಣ. ಮಾಡು ಅಂದ್ರೆ ಮಾಡು."

ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ ತೊಟ್ಟು ಮುರಿದಳು. ಎಣ್ಣೆ ಅವಳ ಹತ್ರ ಇರಲಿಲ್ಲ. ಆಸ್ಪತ್ರೆಯ ಪ್ಯಾರಾಫಿನ್ ಬಾಟ್ಲಿ ಕೈಗೆ ಕೊಟ್ಟವಳೂ ನಾನೇ. ಕೂಸು ಒಂದೇ ಸಲಕ್ಕೆ ಜೋರಾಗಿ, ಗಾಳಿ ಸಮೇತ, ಬಟ್ಟೆ ತುಂಬ ಮಾಡಿತು. ಹೊಟ್ಟೆ ಮೆತ್ತಗಾಯ್ತು. ನನಗೆ ಹೋದ ಜೀವ ಬಂದಂಗಾಯ್ತು. ಹಾಳೆ ತಗೊಂಡು, 'ಇಪ್ಪತ್ತನಾಲ್ಕು ಗಂಟೆಯೊಳಗೆ ಮಲ ವಿಸರ್ಜನೆ' ಅನ್ನೋದರ ಮುಂದೆ 'ಹೌದು' ಅಂತ ಬರೆದೆ. ಆಗ ಮೂವತ್ತು ಗಂಟೆ ಆಗಿತ್ತು. ತಾಯಿ ಕಾರ್ಡಿಗೆ ಪಿನ್ ಹೊಡೆದೆ, ಬದಲಿ ಡ್ಯೂಟಿಯವಳು ಬಂದ ಕೂಡಲೇ ಬಸ್ಸು ಹತ್ತಿದೆ. ದೀಪಿಕನ ತಾಂಬೂಲ ಚೆನ್ನಾಗಿ ಆಯ್ತು.

ಮನೆಗೆ ಹೋದಮೇಲೆ ಕೂಸು ತಾನಾಗಿ ಕಕ್ಕ ಮಾಡಿದ್ದೇ ಕಡಿಮೆ. ಎರಡು ದಿನಕ್ಕೋ ಮೂರು ದಿನಕ್ಕೋ ಹೊಟ್ಟೆ ಉಬ್ಬೋದು, ಕಿರುಚೋದು. ಮರಿತಾಯಮ್ಮ ತೊಟ್ಟು ಇಟ್ಟ ಕೂಡಲೇ ಹಗುರಾಗೋದು, ಹಾಲು ಕುಡಿಯೋದು, ನಗೋದು. ನಾಗಶ್ರೀಗೆ ಅನುಮಾನ ಬಂದು ನನಗೆ ಫೋನ್ ಮಾಡಿದಳು. "ಸಿಸ್ಟರ್, ಇದು ಸರಿಯಾ? ಮಂಡ್ಯಕ್ಕೆ ತೋರಿಸ್ಲಾ?" ಎದೆಹಾಲು ಕುಡಿಯೋ ಕೂಸು ವಾರಗಟ್ಟಲೆ ಮಾಡದಿದ್ರೂ ಪರವಾಗಿಲ್ಲ, ಗಾಬರಿ ಬೇಡ ಅಂದೆ. ಅದು ಎಷ್ಟೋ ಕೂಸುಗಳಿಗೆ ನಿಜ. ಈ ಕೂಸಿಗೆ ನಿಜ ಅಲ್ಲ ಅನ್ನೋ ಅನುಮಾನ ನನಗಿತ್ತು. ಲಸಿಕೆಗೆ ಬಂದಾಗ ಹೊಟ್ಟೆ ಮೇಲೆ ನೀಲಿ ನರ ಎದ್ದು ಕಾಣ್ತಿದ್ದದ್ದು ನೋಡಿದೆ. ಕೈಕಾಲು ಸಣ್ಣ, ಹೊಟ್ಟೆ ದೊಡ್ಡದು. ಕೇಳೋಕೆ ಹೋದ್ರೆ ಆ ಬುಧವಾರದ ಮಾತು ಮೇಲೆ ಬರ್ತದೆ. "ಗ್ಯಾಸು," ಅಂದು ಸೂಜಿ ಚುಚ್ಚಿ ಕಳಿಸಿದೆ. ಥೂ ನನ್ನ ಜನ್ಮಕ್ಕೆ.

ಮೂರೂವರೆ ತಿಂಗಳಿಗೆ ಒಂದು ಬೆಳಗ್ಗೆ ಕೂಸಿಗೆ ಕಾದ ಹೆಂಚಿನಂಥ ಜ್ವರ. ಕೊಳೆತ ನಾತದ ಭೇದಿ, ಹೊಟ್ಟೆ ತಮಟೆ ಥರ ಬಿಗಿ. ಈ ಸಲ ತೊಟ್ಟಿಗೆ ಜಗ್ಗಲಿಲ್ಲ. ಆಂಬುಲೆನ್ಸಲ್ಲಿ ನಾನೂ ಹೋದೆ. ಮಂಡ್ಯದ ದೊಡ್ಡ ಆಸ್ಪತ್ರೆಯೊಂದರಲ್ಲಿ ಮಕ್ಕಳ ಆಪರೇಷನ್ ಮಾಡೋ ಡಾಕ್ಟ್ರು, ಅಮೃತ ಅಂತ, ಇನ್ನೂ ಚಿಕ್ಕ ವಯಸ್ಸು. ರಬ್ಬರ್ ಟ್ಯೂಬು ಹಾಕಿ ಕರುಳು ತೊಳೆದ್ರು, ಎಕ್ಸ್‌ರೇ ತೆಗೆಸಿದ್ರು, ಒಂದು ಚೂರು ಕರುಳು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ರು. ಮೂರನೇ ದಿನ ನಮ್ಮನ್ನ ಕೂರಿಸ್ಕೊಂಡು ಹೇಳಿದ್ರು. ನಾಗಶ್ರೀ, ಪ್ರಸನ್ನ, ಮರಿತಾಯಮ್ಮ, ನಾನು.

"ಅಜ್ಜಿ, ಕೂಸು ಗರ್ಭದಲ್ಲಿ ನಾಲ್ಕು ವಾರದ್ದಿದ್ದಾಗ ಹೆಚ್ಚುಕಡಿಮೆ ಅಕ್ಕಿಕಾಳಿನಷ್ಟಿರ್ತದೆ. ಆಗ ಅದರ ಬೆನ್ನಲ್ಲಿ ಒಂದು ಕೊಳವೆ ಮುಚ್ಚಿಕೊಳ್ತದೆ. ಮುಂದೆ ಅದೇ ಮಿದುಳು, ಬೆನ್ನುಹುರಿ. ಆ ಕೊಳವೆ ಮುಚ್ಚಿದ ಅಂಚಿಂದ ಒಂದಷ್ಟು ಜೀವಕೋಶಗಳು ಬಿಡಿಸ್ಕೊಂಡು ಹೊರಡ್ತವೆ. ಆಗಿನ್ನೂ ಅವು ನರವೂ ಅಲ್ಲ, ಬೇರೆ ಏನೂ ಅಲ್ಲ. ಎಷ್ಟೋ ಥರ ಆಗಬಹುದಾದ ಕೋಶಗಳು. ಹೋಗೋ ದಾರಿ, ಅಲ್ಲಿ ಸಿಗೋ ಸೂಚನೆ, ಕೊನೆಗೆ ಸೇರೋ ಜಾಗ, ಇವು ಅವುಗಳನ್ನ ಒಂದೊಂದು ಥರ ಮಾಡ್ತವೆ."

ನಾಗಶ್ರೀ ತಲೆ ಆಡಿಸಿದಳು. ಅವಳು ಓದಿದ ಪಾಠ ಅದು. ಮರಿತಾಯಮ್ಮ ಡಾಕ್ಟರ ಬಾಯನ್ನೇ ನೋಡ್ತಿದ್ದಳು.

"ಕೆಲವು ಚರ್ಮಕ್ಕೆ, ಕೂದಲ ಬುಡಕ್ಕೆ ಹೋಗಿ ಬಣ್ಣ ಕೊಡ್ತವೆ. ಕತ್ತಿನ ಹತ್ರ ಹೊರಟ ಗುಂಪು ಅನ್ನನಾಳಕ್ಕೆ ಇಳಿದು, ಅಲ್ಲಿಂದ ಕರುಳಿನುದ್ದಕ್ಕೂ ನಡೀತಾ ಹೋಗ್ತದೆ. ನಡೀತಾ ನಡೀತಾ ಸಂಖ್ಯೆ ಹೆಚ್ಚಾಗ್ತದೆ, ಒಂದಷ್ಟು ಅಲ್ಲಲ್ಲೇ ನಿಂತು ನರಕೋಶ ಆಗ್ತವೆ. ಅದರಲ್ಲೂ ಬೇರೆ ಬೇರೆ ಜಾತಿ. ಕರುಳಿಗೆ ಹಿಂಡು ಅನ್ನೋದು ಒಂದು, ಸಡಿಲ ಬಿಡು ಅನ್ನೋದು ಒಂದು, ಆಹಾರ ಬಂತು ಅಂತ ಸುದ್ದಿ ಮುಟ್ಟಿಸೋದು ಇನ್ನೊಂದು."

"ಅಲ್ಲೂ ಜಾತಿಯೇನವ್ವ?" ಅಂದಳು ಮರಿತಾಯಮ್ಮ.

ಡಾಕ್ಟ್ರು ಅವಳ ಕಡೆ ತಿರುಗಿದ್ರು. "ಅಲ್ಲಿ ಎಲ್ಲಾ ಒಂದೇ ತಾಯಿ ಮಕ್ಕಳು ಅಜ್ಜಿ," ಅಂದ್ರು. "ಬಸುರಿಗೆ ಮೂರು ತಿಂಗಳು ತುಂಬೋದರೊಳಗೆ ಅವು ಕರುಳಿನ ತುದಿ ಮುಟ್ಟಬೇಕು. ನಿಮ್ಮ ಮರಿಮಗನಲ್ಲಿ ತುದಿ ನಾಲ್ಕು ಬೆರಳು ಇದೆ ಅನ್ನೋವಾಗ ನಿಂತುಬಿಟ್ಟಿವೆ. ಆ ತುಂಡಲ್ಲಿ ಸಡಿಲ ಬಿಡು ಅನ್ನೋ ಕೋಶಾನೇ ಇಲ್ಲ. ಅದಕ್ಕೆ ಅದು ಯಾವಾಗಲೂ ಬಿಗಿದಿರ್ತದೆ. ಮೇಲಿನದು ಕೆಳಗೆ ಇಳಿಯೋಲ್ಲ."

"ಅಂಗಾರೆ ನಮ್ ನಾಲೆ ಇದ್ದಂಗೆ ಅನ್ನು. ಮೇಲ್ಗಡೆಯೋರ್ಗೆಲ್ಲ ನೀರು ಬಂತು, ಕೊನೇಲಿರೋರ್ಗೆ ಬರ್ನಿಲ್ಲ."

"ಹಾಗೇ ಅಂದ್ಕೊಳ್ಳಿ. ಆ ಬಿಳಿ ಕುಚ್ಚು ಹುಟ್ಟಿನಿಂದಲೂ ಇತ್ತಾ?"

ಮರಿತಾಯಮ್ಮ ಹೂಂ ಅಂದಳು, ಮರಿಯಯ್ಯನ ಮಾತು ಹೇಳಿದಳು.

"ಬರೀ ಬಿಳಿ ಕುಚ್ಚಿದ್ರೆ ಹೆದರಬೇಕಾದ್ದಿಲ್ಲ. ಆದರೆ ಬಣ್ಣದ ಕೋಶ, ಕರುಳಿನ ನರ ಎರಡೂ ಒಂದೇ ಗುಂಪಿಂದ ಬಂದದ್ದು. ಕೆಲವು ಮನೆತನದಲ್ಲಿ ಎರಡೂ ಒಟ್ಟಿಗೇ ತಪ್ಪಿ ಹೋಗ್ತವೆ. ಕುಚ್ಚೂ ಇದ್ದು ಮೊದಲ ದಿನ ಕಕ್ಕನೂ ಆಗಲಿಲ್ಲ ಅಂದ್ರೆ ಆಗಲೇ ಹುಡುಕಬೇಕು. ಮೊದಲ ವಾರ ಸಿಕ್ಕಿದ್ರೆ ಆ ತುಂಡು ತೆಗೆದು ಜೋಡಿಸ್ತೀವಿ, ಹೆಚ್ಚಿನ ಮಕ್ಕಳು ಚೆನ್ನಾಗಿ ಬೆಳೀತವೆ. ಈಗ ಕರುಳಿಗೆ ಸೋಂಕು ಹತ್ತಿ ರಕ್ತಕ್ಕೆ ಏರಿದೆ." ಅಷ್ಟು ಹೇಳಿ ಕಾರ್ಡು ಬಿಡಿಸಿದ್ರು. "ಇಲ್ಲಿ ನೋಡಿದ್ರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಮಾಡಿದೆ ಅಂತ ಬರೆದಿದೆ. ಈ ಕಾಯಿಲೆಯಲ್ಲಿ ಅದು ಅಪರೂಪ. ನಿಜವಾಗ್ಲೂ ತಾನಾಗೇ ಮಾಡಿತ್ತಾ?"

ಎಲ್ಲರೂ ನನ್ನ ಕಡೆ ತಿರುಗಿದ್ರು. ಇನ್ನು ಮೂರು ವರ್ಷಕ್ಕೆ ರಿಟೈರ್‌ಮೆಂಟು, ಅಮಾನತ್ತು, ಜನರ ಮುಂದೆ ಮುಖ, ಎಲ್ಲ ಒಟ್ಟಿಗೆ ತಲೆಗೆ ಬಂತು. ಬಾಯಿ ತೆರೆಯೋದರೊಳಗೆ ಮರಿತಾಯಮ್ಮ ಎದ್ದು ನಿಂತಳು.

"ನಾನೇ ಕಣ್ ತಾಯಿ. ಈಯಮ್ಮ ಆಚ್ಗೋಗಿದ್ದಾಗ ಕದ್ದು ತೊಟ್ಟು ಮಡುಗ್ಬುಟ್ಟೆ. ಈಯಮ್ಮಂಗೆ ಏನೂ ಗೊತ್ತಿಲ್ಲ. ಗೊತ್ತಾಗಿದ್ರೆ ನನ್ನ ಸುಮ್ಕೆ ಬುಡ್ತಿರ್ನಿಲ್ಲ."

ನಾಗಶ್ರೀ ಅಜ್ಜಿಯ ಕಡೆ ನೋಡಿದ ನೋಟ ನನ್ನ ಕಣ್ಣಲ್ಲಿ ಹಾಗೇ ಇದೆ. ನಾನು ಅಲ್ಲೇ ಕೂತಿದ್ದೆ. ಇಲ್ಲ ಅನ್ನಲಿಲ್ಲ. ಆಮೇಲೆ ಮೆಟ್ಟಿಲ ಹತ್ರ ಅವಳ ಕೈ ಹಿಡ್ಕೊಂಡು ಯಾಕೆ ಹಂಗಂದೆ ಅಂತ ಕೇಳಿದೆ. "ನಿನ್ ಕೆಲ್ಸ ಓಯ್ತಿತ್ತಲ್ಲವ್ವ. ಮಗಳ ಮದ್ವೆ ಬೇರೆ ಇಟ್ಕಂಡಿದ್ದೀಯ. ನಂಗೇನದೆ? ಮಾಡ್ದೋಳು ನಾನೇ ತಾನೆ," ಅಂದಳು.

ಮಾರನೇ ದಿನ ಡಾಕ್ಟ್ರು ಅಮೃತ ಓಣಿಯಲ್ಲಿ ನನ್ನೊಬ್ಬಳನ್ನೇ ನಿಲ್ಲಿಸಿಕೊಂಡರು. "ಸಿಸ್ಟರ್, ಆ ಅಜ್ಜಿ ತನ್ನ ಕೈ ತಾನೇ ಹೊಡ್ಕೊಳ್ತಿದ್ದಾರೆ. ನಿಮ್ಮ ಮಾತು ಕೇಳ್ತಾರೆ, ಹೇಳಿ. ಆ ತೊಟ್ಟು ಕಾಯಿಲೆ ಮುಚ್ಚಿದ್ದು ನಿಜ. ಆದರೆ ನಾನು ಇಲ್ಲಿ ಟ್ಯೂಬ್ ಹಾಕಿ ಮಾಡೋದೂ ಅದೇ, ಬಿಗಿದದ್ದನ್ನ ಬಿಡಿಸಿ ಗಾಳಿ, ಮಲ ಆಚೆ ತೆಗೆಯೋದು. ಮೂರೂವರೆ ತಿಂಗಳು ಆ ಮಗು ಹಾಲು ಕುಡಿದು ನಕ್ಕಿದ್ದು ಅಜ್ಜಿ ಕೈಯಿಂದ. ಹಾಳೆಯಲ್ಲಿ 'ಇಲ್ಲ' ಅಂತ ಒಂದು ಮಾತು ಇದ್ದಿದ್ರೆ ಸಾಕಿತ್ತು, ತೊಟ್ಟು ಇಟ್ಟಿದ್ರೂ ನಾವು ಹುಡುಕ್ತಿದ್ವಿ. ಓದು ಬರಹ ಇಲ್ಲದ ಅಜ್ಜಿ ಮೇಲೆ ಈ ಭಾರ ಬೇಡ. ಅವರ ಮೊಮ್ಮಗಳಿಗೂ ಹೇಳಿ." ಹೇಳ್ತೀನಿ ಅಂದೆ. ಡಾಕ್ಟ್ರ ಕಣ್ಣು ನನ್ನ ಮುಖದ ಮೇಲೆ ಸ್ವಲ್ಪ ಹೊತ್ತು ಇತ್ತು. ಏನೂ ಕೇಳಲಿಲ್ಲ.

ಅದರ ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಬೋಧಿ ಹೋಯ್ತು.

ನಾನು ಹೇಳಲಿಲ್ಲ. ಅಜ್ಜಿಗೆ ಹೇಳ್ಬೇಕು ಅಂದ್ರೆ ಹಾಳೆಯ ಮಾತು ಹೇಳ್ಬೇಕು. ಹಾಳೆಯ ಮಾತು ಆಡಿದ್ರೆ ನಾಗಶ್ರೀ ತನಕ ಹೋಗ್ತದೆ. ಇವತ್ತು ಬೇಡ, ಕಾರ್ಯ ಮುಗೀಲಿ ಅಂದ್ಕೊಂಡೆ. ಕಾರ್ಯ ಮುಗೀತು. ದೀಪಿಕನ ಮದುವೆ ಆಗಲಿ ಅಂದ್ಕೊಂಡೆ. ಅದೂ ಆಯ್ತು. ಮದುವೆಗೆ ಮರಿತಾಯಮ್ಮ ಬಂದಳು, ಈ ಸಲ ನಾನೇ ಕೈ ಹಿಡಿದು ಒಳಗಿನ ಸಾಲಿನಲ್ಲಿ ಕೂರಿಸಿದೆ. ಅವಳು ಎರಡು ತುತ್ತು ಉಂಡು ಎದ್ದಳು.

ಆಮೇಲೆ ಊರಲ್ಲಿ ಯಾರು ಕರೆದ್ರೂ ಅವಳು ಕೂಸು ಮುಟ್ಟಲಿಲ್ಲ. ಎಣ್ಣೆ ನೀವು ಬಾ, ಸೊಂಟ ತಿಕ್ಕು ಬಾ ಅಂದ್ರೂ ಇಲ್ಲ. ನಮ್ಮ ಆಸ್ಪತ್ರೆ ಕಟ್ಟೆ ಮೇಲೆ ಬಂದು ಕೂತ್ರೆ ಬಲಗೈ ಸೆರಗಿನೊಳಗೆ. ಯಾರೋ ತಾಯಿ ಪ್ರೀತಿಯಿಂದ ಕೂಸನ್ನ ಅವಳ ಮಡಿಲಿಗೆ ಹಾಕೋಕೆ ಬಂದಳು. ಮರಿತಾಯಮ್ಮ ದಿಗಿಲು ಬಿದ್ದವಳಂತೆ ಎದ್ದು ನಿಂತು, "ಬ್ಯಾಡ ಕಣ್ ಮಗ, ನನ್ ಕೈ ಸರಿ ಇಲ್ಲ," ಅಂದಳು. ನಾನು ಬಾಗಿಲಲ್ಲೇ ಇದ್ದೆ. ಬಾಯಿ ತುದಿಗೆ ಬಂತು. "ಮರಿತಾಯಮ್ಮ, ಡಾಕ್ಟ್ರು ಒಂದು ಮಾತು ಹೇಳಿದ್ರು..." ಅಂತ ಶುರು ಮಾಡಿದೆ. ಅವಳು ಆಸೆಯಿಂದ ತಲೆ ಎತ್ತಿದಳು. "ಯೋಚನೆ ಮಾಡ್ಬೇಡ ಅಂದ್ರು," ಅಂತ ಮುಗಿಸಿದೆ. ಅವಳು ಹೂಂ ಅಂತ ಮತ್ತೆ ಕೂತಳು. ನನಗೆ ನನ್ನ ಮೇಲೆ ಅಸಹ್ಯ ಬಂತು, ಆದ್ರೂ ಹೇಳಲಿಲ್ಲ.

ನಾಗಶ್ರೀ ಊರಿಗೆ ಬರೋದು ನಿಲ್ಲಿಸಿದಳು. ಪ್ರಸನ್ನ ಒಬ್ಬನೇ ಬಂದು ಅಕ್ಕಿ, ಮಾತ್ರೆ ಕೊಟ್ಟು ಹೋಗೋನು. "ಮಗ ಎಂಗದೆ?" ಅಂತ ಅವಳು ಕೇಳೋಳು. ಚೆನ್ನಾಗಿದಾಳೆ ಅಂತ ಅವನು ಹೇಳೋನು.

ಬೋಧಿ ಹೋಗಿ ವರ್ಷದ ಮೇಲೆ ಎರಡು ತಿಂಗಳಿಗೆ, ಮರಿತಾಯಮ್ಮ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಮಣ್ಣಿಗೆ ನಾಗಶ್ರೀ ಬಂದಳು. ಅಳಲಿಲ್ಲ. ಕಾಲ ಹತ್ರ ನಿಂತು ನೋಡಿದಳು, ಮುಟ್ಟಲಿಲ್ಲ. ಹೆಂಗಸರೆಲ್ಲ ಗುಸುಗುಸು ಅಂದ್ರು, ಸಾಕಿದ ಅಜ್ಜಿಗೆ ಒಂದು ಹನಿ ಕಣ್ಣೀರು ಹಾಕಲಿಲ್ಲ ನೋಡು ಅಂತ. ನಾನು ಅಲ್ಲಿ ನಿಂತು ಕೇಳಿಸ್ಕೊಂಡೆ. ಕೂತ್ರೆ ನಿಂತ್ರೆ ಆ ಹುಡುಗಿ ಮುಟ್ಟದೆ ನಿಂತದ್ದೇ ಕಣ್ಣ ಮುಂದೆ. ಹತ್ತು ದಿನ ತಡ್ಕೊಂಡೆ, ಹನ್ನೊಂದನೇ ದಿನ ಮಂಡ್ಯದ ಬಸ್ಸು ಹತ್ತಿದೆ.

ವಿ.ಸಿ. ಫಾರಂ ಹತ್ರ ಅವರ ಬಾಡಿಗೆ ಮನೆ. ನಾಗಶ್ರೀ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕಾಫಿ ಮಾಡ್ಲಾ ಅಂದಳು, ಬೇಡ ಅಂದೆ. ನಿಂತ್ಕೊಂಡೇ ಎಲ್ಲ ಹೇಳಿದೆ. ಬಾಗಿಲು ಮುಂದೆ ಮಾಡಿ ತೊಟ್ಟು ಇಡು ಅಂದವಳು ನಾನು. ಎಣ್ಣೆ ಕೊಟ್ಟವಳು ನಾನು. ಮೂವತ್ತು ಗಂಟೆಗೆ 'ಹೌದು' ಅಂತ ಬರೆದವಳು ನಾನು. ನಿಮ್ಮಜ್ಜಿ ನನಗೋಸ್ಕರ ಸುಳ್ಳು ಹೇಳಿದಳು. ಅವಳ ಕೈಯಿಂದಲೇ ಮಗು ಅಷ್ಟು ದಿನ ಬದುಕಿತ್ತು ಅಂತ ಡಾಕ್ಟ್ರು ಹೇಳಿದ್ರು, ಅವಳಿಗೂ ನಿನಗೂ ಹೇಳಿ ಅಂದ್ರು, ನಾನು ಹೇಳಲಿಲ್ಲ. ನನ್ನ ಮೇಲೆ ಕಂಪ್ಲೇಂಟ್ ಕೊಡು, ಕೆಲಸ ಹೋದ್ರೂ ಹೋಗಲಿ, ನಿನ್ನ ಬಾಯಿಗೆ ಬಂದಂಗೆ ಬಯ್ಯಿ ಅಂದೆ.

ಅವಳು ಬಯ್ಯಲಿಲ್ಲ. ಬಯ್ದಿದ್ರೆ ನನಗೆ ಎಷ್ಟೋ ಹಗುರಾಗ್ತಿತ್ತು.

"ಡಾಕ್ಟ್ರು ಇದನ್ನ ನಿಮಗೆ ಹೇಳಿದ್ದು ಯಾವತ್ತು?"

"ಮಗು ಹೋದ ಹಿಂದಿನ ದಿನ."

ಅವಳು ಕೈಯಲ್ಲಿದ್ದ ಕೆಂಪು ಪೆನ್ನಿನ ಮುಚ್ಚಳ ಹಾಕಿದಳು. ಆಮೇಲೆ ನನ್ನ ಕಡೆ ನೋಡದೇನೇ ಹೇಳಿದಳು.

"ಹೋದ ಯುಗಾದಿಗೆ ಒಂದೇ ಒಂದು ಸಲ ಊರಿಗೆ ಬಂದಿದ್ದೆ ಸಿಸ್ಟರ್, ನಿಮಗೆ ಗೊತ್ತಿಲ್ಲ. ಬಸ್ಸಿಳಿದು ಬಿಸಿಲಲ್ಲಿ ನಡ್ಕೊಂಡು ಬಂದಿದ್ದೆ. ಅಜ್ಜಿ ಓಡಿಹೋಗಿ ಒಂದು ಚೊಂಬು ನೀರು ತಂದು ಮುಂದೆ ಹಿಡಿದ್ಲು. ಗಂಟಲು ಒಣಗಿತ್ತು. ಬೇಡ ಅಂದೆ. ಅವಳು ಆ ನೀರು ಅಂಗಳಕ್ಕೆ ಚೆಲ್ಲಿ, ಚೊಂಬು ತೊಳೆದು ಕಟ್ಟೆ ಮೇಲಿಟ್ಟು, ದೂರ ಹೋಗಿ ನಿಂತ್ಕೊಂಡ್ಲು. 'ನಲ್ಲೀಲಿ ನೀನೇ ಇಡ್ಕಂಡು ಕುಡಿ ಮಗ, ನಾನ್ ಮುಟ್ಟಕ್ಕಿಲ್ಲ' ಅಂದ್ಲು."